ಅಜ್ಜನಿಗೆ ಬರೆದ ಮೀಸೆ

ಮೀಸೆ ಚೆನ್ನಾಗಿಯೇ ಬಂದಿತ್ತು. ವರದಾಳಿಗೆ ಮೊದಲು ಸಿಟ್ಟು ತರಿಸಿದ್ದೇ ಅದು. ಒಂದು ತುದಿ ಮೇಲೆ ಒಂದು ತುದಿ ಕೆಳಗಾಗಿ, ಶಾಲೆಯ ನಾಟಕದ ಹುಡುಗರು ಕಾಡಿಗೆಯಲ್ಲಿ ತೀಡಿಕೊಂಡಂತೆ ಇದ್ದಿದ್ದರೆ ನಕ್ಕುಬಿಡಬಹುದಿತ್ತು. ಆದರೆ ಬೈಲಹೊಂಗಲದ ಬಜಾರಿನ ಆ ಇಕ್ಕಟ್ಟಾದ ಸ್ಟುಡಿಯೋದಲ್ಲಿ, ಅಗಲವಾದ ಚೌಕಟ್ಟಿನೊಳಗೆ, ಅವಳ ಅಜ್ಜ ಕೃಷ್ಣಾಜಿ ತಲೆಗೆ ಜರಿಯ ರುಮಾಲು ಸುತ್ತಿಕೊಂಡು, ದಟ್ಟವಾದ, ತುದಿ ತುಸು ಮೇಲೆದ್ದ ಮೀಸೆ ಹೊತ್ತು, ಹುಟ್ಟಿನಿಂದಲೂ ಹಾಗೇ ಇದ್ದವನಂತೆ ಕೂತಿದ್ದ. ಯಾವನೋ ಅಪರಿಚಿತ ಗೌಡ ಅಜ್ಜನ ಕಣ್ಣುಗಳನ್ನು ಕಡ ತಂದು ಹಚ್ಚಿಕೊಂಡಂತಿತ್ತು. ಕಣ್ಣು ಮಾತ್ರ ಅಜ್ಜನವೇ. ರೆಪ್ಪೆ ಅರ್ಧ ಇಳಿಸಿ, ಯಾರೋ ಈಗಷ್ಟೇ ಬಾಗಿಲಿನಿಂದ ಆಚೆ ಹೋದವರನ್ನು ನೋಡುವ ಕಣ್ಣು. ಆ ಕಣ್ಣಿನ ಕೆಳಗೆ ಆ ಮೀಸೆ ಇದ್ದುದರಿಂದ, ಹೋದವರು ಹೆದರಿ ಹೋದಂತೆ ಕಾಣುತ್ತಿತ್ತು.

‘ಹೆಂಗ ಬಂದೈತ್ರಿ ಮೇಡಂ?’ ಸ್ಟುಡಿಯೋದ ಅರ್ಜುನ ಕೈ ಒರೆಸಿಕೊಳ್ಳುತ್ತ ಕೇಳಿದ. ‘ಮೊದಲ ಕಂಪ್ಯೂಟರದಾಗ ಕೂಡಸಿದ್ದೆ. ಅಂಟಿಸಿದಂಗ ಕಾಣತಿತ್ರಿ. ಅದಕ್ಕ ಪ್ರಿಂಟ್ ತಗದು ಅದರ ಮ್ಯಾಲೆ ಎಣ್ಣಿ ಬಣ್ಣದಾಗ ಕೈಲೇ ಬರದೆ. ನೋಡ್ರಿ, ಒಂದೊಂದು ಕೂದಲಾ ಬ್ಯಾರೆ ಬ್ಯಾರೆ. ಇನ್ನಾ ಹಸಿ ಐತಿ, ಮುಟ್ಟಬ್ಯಾಡ್ರಿ ಮತ್ತ. ಆರಿದ ಮ್ಯಾಲೆ ಬಂದು ಗ್ಲಾಸ್ ಕೂಡಸ್ತೇನಿ.’

‘ಮೀಸಿ ಯಾರು ಹೇಳಿದ್ರು?’

‘ಭರತ ಸಾಹೇಬ್ರು.’ ಅವನಿಗೆ ಅವಳ ದನಿಯ ಏರು ತಿಳಿಯಲಿಲ್ಲ. ‘ನೀವು ಕೊಟ್ಟ ಫೋಟೋದಾಗ ಅಜ್ಜಾರು ಹೆಣ್ಣ ವೇಷದಾಗ ಇದ್ರಲ್ರಿ. ಸೆರಗು ತಗದೆ, ಬೈತಲಿ ತಗದೆ, ಕುಂಕುಮ ತಗದೆ. ಕಡೀಕ ನತ್ತು ಭಾಳ ಕಾಡಿಸ್ತು ನೋಡ್ರಿ. ತುಟಿ ಮ್ಯಾಲೇನ ಬಿದ್ದಿತ್ತು. ಅದನ್ನ ಅಳಿಸಿ, ಗಲ್ಲದ ಚರ್ಮ ತಂದು ಅಲ್ಲಿ ಮುಚ್ಚಿ, ಮ್ಯಾಲೆ ಮೀಸಿ ಬರದೆ. ಗೋಡಿ ಮ್ಯಾಲೆ ಹೋಗೂ ಫೋಟೋ ಅಂದ್ರ ಹಂಗ್ರಿ. ಗಂಡ ಸತ್ತ ಮುದುಕಿಗೆ ಮಕ್ಕಳು ಕುಂಕುಮ ಹಚ್ಚಸ್ತಾರ. ಜಲ್ಮದಾಗ ಅಂಗಿ ಗುಂಡಿ ಹಾಕದವಗ ಕೋಟ್ ತೊಡಸ್ತಾರ. ಸತ್ತವರು ಬ್ಯಾಡ ಅಂತಾರೇನ್ರಿ?’

ಅವನು ನಕ್ಕ. ಗೋಡೆಯ ಮೇಲೆ ಅವನು ಸಿದ್ಧಪಡಿಸಿದ ಸತ್ತವರೆಲ್ಲ ಸಾಲಾಗಿ ಒಂದೇ ನೀಲಿ ಕೋಟಿನಲ್ಲಿ, ಒಂದೇ ಅಳತೆಯ ಕುಂಕುಮದಲ್ಲಿ ಇದ್ದರು. ಮೇಜಿನ ಗಾಜಿನ ಕೆಳಗೆ ಆ ಮೂಲ ಫೋಟೋ ಇತ್ತು, ಅಂಗೈ ಅಗಲದ್ದು. ಸೊಂಟದ ತನಕ ಕೂದಲು ಬಿಚ್ಚಿಕೊಂಡ ರಾಣಿ. ಹಣೆಯ ಕುಂಕುಮ ಕಪ್ಪಗೆ; ಆ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಕೆಂಪೆಲ್ಲ ಕತ್ತಲಾಗಿ ಮೂಡುತ್ತಿತ್ತು. ಅವಳು ಅದನ್ನು ತೆಗೆದುಕೊಂಡು ಚೀಲದಲ್ಲಿ ಹಾಕಿಕೊಂಡಳು. ತಮ್ಮ ಭರತ ಕಾರು ನಿಲ್ಲಿಸಿ ಒಳಗೆ ಬಂದವನು ಚೌಕಟ್ಟಿನ ಎದುರು ಎರಡು ಹೆಜ್ಜೆ ಹಿಂದೆ ಸರಿದು, ಕುತ್ತಿಗೆ ಓರೆ ಮಾಡಿ ನೋಡಿ, ‘ಈಗ ನೋಡು ಅಕ್ಕಾ, ಮನಿತನದ ಕಳಾ ಬಂತು’ ಎಂದ. ಸಿಟ್ಟು ಬಂದಾಗ ಅವಳಿಗೆ ಮೊದಲು ಮಾತು ನಿಲ್ಲುತ್ತಿತ್ತು, ಆಮೇಲೆ ಕೈ ತಣ್ಣಗಾಗುತ್ತಿತ್ತು. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ಕೈ ಅದು, ಸಿಟ್ಟಿನಲ್ಲೂ ನಡುಗುತ್ತಿರಲಿಲ್ಲ. ಅದಕ್ಕೇ ಯಾರಿಗೂ ಅವಳ ಸಿಟ್ಟು ಹೊತ್ತಿಗೆ ಸರಿಯಾಗಿ ತಿಳಿದದ್ದೇ ಇಲ್ಲ.

ಕಾರು ಊರು ದಾಟಿತು. ಹಿಂದಿನ ಸೀಟಿನಲ್ಲಿ, ಹಸಿ ಬಣ್ಣಕ್ಕೆ ತಾಗದಂತೆ ರೇಷ್ಮೆ ಶಾಲು ಹೊದ್ದ ಚೌಕಟ್ಟು, ಮೂರನೆಯ ಪ್ರಯಾಣಿಕನಂತೆ ಬೆನ್ನಿಗೆ ಆತು ಕೂತಿತ್ತು. ಅವರು ಹೋಗುತ್ತಿದ್ದುದು ಮುನವಳ್ಳಿಗೆ. ಅಜ್ಜ ಹುಟ್ಟಿದ ಊರು. ಅಲ್ಲಿನ ಕಲಾವಿದರ ಸಂಘದವರು ಹೊಸದಾಗಿ ಕಟ್ಟಿಸಿದ ರಂಗಮಂದಿರದಲ್ಲಿ ಅಜ್ಜನ ಭಾವಚಿತ್ರ ಹಾಕುತ್ತಾರೆ, ಇವತ್ತು ಅನಾವರಣ, ಮೊಮ್ಮಕ್ಕಳು ಇಬ್ಬರೂ ಬಂದು ಶಾಲು ಸರಿಸಬೇಕು. ಮಾತು ಸಿನೆಮಾಕ್ಕೆ ಬರುವ ಮೊದಲೇ ಸಿನೆಮಾದಲ್ಲಿದ್ದ ಮನುಷ್ಯ ನಮ್ಮ ಊರಿನವನು ಎಂದು ಯಾರೋ ಕಂಡುಹಿಡಿದಿದ್ದರು. ನೂರು ವರ್ಷ ಬೇಕಾಯಿತು. ಅಷ್ಟು ದಿನ ಸುಮ್ಮನಿದ್ದ ಊರು ಈಗ ಕರೆದರೆ ಹೋಗುವುದೇ ಬೇಡ ಎಂದಿದ್ದಳು ವರದಾ. ಆಮೇಲೆ, ಅಜ್ಜನ ಮುಖ ಒಂದು ಗೋಡೆಯ ಮೇಲಾದರೂ ಇರಲಿ, ಇದ್ದಂತೆ ಇರಲಿ ಎಂದು ಒಪ್ಪಿ ಆ ಹಳೆಯ ಫೋಟೋ ಹುಡುಕಿ ಕೊಟ್ಟವಳು ಅವಳೇ. ಇನ್ನೆಲ್ಲಿಯೂ ಆ ಮುಖ ಉಳಿದಿರಲಿಲ್ಲ.

‘ಮೀಸಿ ತಗಸು’ ಎಂದಳು.

‘ಈಗ? ದಾರ್ಯಾಗ?’

‘ಅಜ್ಜಗ ಯಾವಾಗರೆ ಮೀಸಿ ಇತ್ತೇನು? ನೀ ನೋಡೀಯೇನು?’

‘ನೋಡಿಲ್ಲ ಅಂತನಽ ಹಾಕಿಸೀನಿ.’ ಭರತ ರಸ್ತೆ ನೋಡುತ್ತಲೇ ಹೇಳಿದ. ‘ಸೀರಿ ಉಟ್ಟು, ನತ್ತ ಇಟ್ಟು ನಿಂತ ಗಂಡಸಿನ ಫೋಟೋ ಸ್ಟೇಜಿನ ಮ್ಯಾಲೆ ಹಾಕಿ ಅದಕ್ಕ ಮಾಲಿ ಹಾಕಬೇಕಾಗಿತ್ತೇನು ನಿನಗ? ನಾಳೆ ನಮ್ಮ ಮನಿ ಹುಡುಗೂರು ಅಲ್ಲೆ ನಾಟಕ ನೋಡ್ಲಿಕ್ಕೆ ಹೋದ್ರ ಮಂದಿ ಏನಂತಾರ?’

‘ಏನಂತಾರ?’

‘ನಿನಗ್ಯಾಕ ತಿಳೀಬೇಕು! ನೀ ಹುಡುಗಿ ಇದ್ದಿ. ಸಾಲಿ ಗ್ಯಾದರಿಂಗದಾಗ ನಿನಗ ಹಿಡದು ಸೀರಿ ಉಡಸಲಿಲ್ಲ. ಅಜ್ಜಂದು ರಕ್ತದಾಗ ಬಂದಿರ್ತದ, ಕುಣೀ ಮಗನ, ಅಂದ್ರು. ಮಾಸ್ತರೂ ನಕ್ರು. ನಾ ಮನೀಗೆ ಬಂದು ಹಿತ್ತಲದಾಗ ಕೂತು ಅತ್ತರ ಅಜ್ಜ ಏನಂದ ಗೊತ್ತದ ಏನು? “ನಿರಗಿ ಸರಿ ಹಿಡದಿದ್ರೇನೋ?” ಅಂದ!’

ವರದಾಳಿಗೆ ನಗು ಬಂತು; ನಗು ಬಂದದ್ದಕ್ಕೆ ಸಿಟ್ಟು ಬಂತು. ಅಜ್ಜ ಹಾಗೆಯೇ. ಸೀರೆಯ ನೆರಿಗೆ ಅವನಿಗೆ ಹುಡುಗಾಟದ ಮಾತಾಗಿರಲಿಲ್ಲ. ಅವಳ ಮದುವೆಯ ಮಾತು ನಡೆದಾಗ, ನೋಡಲು ಬಂದವರ ಎದುರು ಹೇಗೆ ಕೂರಬೇಕೆಂದು ಅವ್ವ ಹೇಳಿಕೊಡುತ್ತಿದ್ದರೆ, ಅಜ್ಜ ಇದ್ದಿದ್ದರೆ ಇನ್ನೂ ಚೆನ್ನಾಗಿ ಹೇಳಿಕೊಡುತ್ತಿದ್ದ ಎಂದು ಅನಿಸಿತ್ತು ಅವಳಿಗೆ. ಬಂದವರಲ್ಲಿ ಒಬ್ಬ ಹೆಂಗಸು ಅವಳ ಮುಖವನ್ನು ಬೆಳಕಿನ ಕಡೆ ತಿರುಗಿಸಿ ನೋಡಿ, ‘ಹುಡುಗಿ ಶ್ಯಾಣ್ಯಾ ಇದ್ದಾಳ, ಆದ್ರ ತುಟಿ ಮ್ಯಾಲೆ ಒಂಚೂರು ನೆರಳು ಅದ’ ಎಂದಿದ್ದಳು. ನೆರಳು! ಕಿತ್ತೂರಿನ ಕಡೆಯ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಮೀಸೆ ಬರೆದಿಟ್ಟಿದ್ದರು. ಮುಖವಿಲ್ಲ, ಬರೀ ಮೀಸೆ, ಕೆಳಗೆ ‘ಮೇಡಂ’. ಅವಳು ಅದನ್ನು ಒರೆಸಿ ಅವತ್ತಿನ ಪಾಠ ಮಾಡಿದಳು. ಸಂಜೆ ಪ್ರಯೋಗಾಲಯದ ಬಾಟಲಿಯಿಂದ ಹೈಡ್ರೋಜನ್ ಪೆರಾಕ್ಸೈಡನ್ನು ನೀರಿಗೆ ಬೆರೆಸಿಕೊಂಡು ಹೋಗಿ, ಬಾಗಿಲು ಹಾಕಿ ತುಟಿಯ ಮೇಲೆ ಹಚ್ಚಿದಳು. ಕೂದಲು ಬೆಳ್ಳಗಾಯಿತು, ಚರ್ಮ ಉರಿದು ಕೆಂಪಾಯಿತು. ಮರುದಿನ ಕೆಂಪು ಮೀಸೆ ಎಂದರು. ಅಂಗೈಯಗಲದ ಮುಖದಲ್ಲಿ ಬೆರಳಗಲದ ಜಾಗ, ಅದರ ಮೇಲೆ ಯಾರ ಯಾರ ಅಧಿಕಾರ! ಅವಳಿಗೆ ಇದ್ದದ್ದು ಇರಬಾರದಿತ್ತು, ಅಜ್ಜನಿಗೆ ಇಲ್ಲದ್ದು ಇರಬೇಕಿತ್ತು. ಇಬ್ಬರೂ ಬೆಳಗಾದರೆ ಕನ್ನಡಿಯ ಎದುರು ಊರಿಗೆ ಉತ್ತರ ಕೊಡಬೇಕಿತ್ತು.

ಅಜ್ಜ ಕನ್ನಡಿಯನ್ನು ಅಂಗಳದ ದಾಳಿಂಬೆ ಗಿಡದ ಕವಲಿಗೆ ತೂಗುಹಾಕುತ್ತಿದ್ದ. ಬಟ್ಟಲಲ್ಲಿ ಬಿಸಿನೀರು, ಸವೆದ ಸಾಬೂನು, ಕುಂಚ. ಗಲ್ಲದ ಮೇಲೆ ಕತ್ತಿ ಸರಸರ ಓಡುತ್ತಿತ್ತು. ಮೂಗಿನ ಕೆಳಗೆ ಬಂದಾಗ ನಿಧಾನವಾಗುತ್ತಿತ್ತು. ಮೇಲಿನ ತುಟಿಯನ್ನು ಹಲ್ಲಿನ ಮೇಲೆ ಬಿಗಿದು, ಉಸಿರು ಹಿಡಿದು, ಒಂದೊಂದೇ ಎಳೆತ. ಜ್ವರ ಬಂದ ದಿನವೂ, ಅಜ್ಜಿ ತೀರಿಕೊಂಡ ಮರುದಿನವೂ ಅದು ತಪ್ಪಲಿಲ್ಲ. ಆಗ ಅಜ್ಜ ಅರಳೆ ಅಂಗಡಿಯಲ್ಲಿ ಗುಮಾಸ್ತ. ಕೊಲ್ಹಾಪುರ ಬಿಟ್ಟು ಬಂದು ಯಾವ ಕಾಲವಾಗಿತ್ತೋ. ಅಂಗಡಿಯ ಕಟ್ಟೆಯ ಮೇಲೆ ಕೂತ ಹಮಾಲರು ಅವನನ್ನು ಕಂಡರೆ ‘ಬಂದ್ರು ನೋಡ್ರಿ ಕೃಷ್ಣಾಬಾಯಾರು’ ಎನ್ನುತ್ತಿದ್ದರು. ಅಜ್ಜ ‘ಹೂಂ, ಬಂದೆ’ ಎಂದು ಚಪ್ಪಲಿ ಕಳಚಿ ಒಳಗೆ ಹೋಗುತ್ತಿದ್ದ. ಜೊತೆಗಿದ್ದ ವರದಾಳಿಗೆ ನೆಲ ಬಿರಿಯಬಾರದೇ ಎನಿಸುತ್ತಿತ್ತು.

ಮೀಸೆ ತೆಗೆಯುವುದೆಂದರೆ ಅಪ್ಪ ಸತ್ತನೆಂದು ಸಾರುವುದು. ಅವರ ಮನೆತನದಲ್ಲಿ, ಆ ಸೀಮೆಯ ಎಷ್ಟೋ ಮನೆಗಳಲ್ಲಿ ಅದೇ ರೂಢಿ. ಅಪ್ಪ ಬದುಕಿರುವ ತನಕ ಮಗ ಮೀಸೆಗೆ ಕತ್ತಿ ತಾಗಿಸುವುದಿಲ್ಲ. ಅಪ್ಪ ತೀರಿಕೊಂಡ ದಿನ ಹೊಳೆಯ ದಂಡೆಯಲ್ಲಿ ಹಜಾಮ ತಲೆಯನ್ನೂ ಮೀಸೆಯನ್ನೂ ಬೋಳಿಸುತ್ತಾನೆ. ಆಮೇಲೆ ಮಗ ಕೊಡ ಹೊರುತ್ತಾನೆ. ರಾಮದುರ್ಗದಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಹಿಂದೆ ಹೋದ ಅಜ್ಜ ಅಲ್ಲಿಂದ ಕೊಲ್ಹಾಪುರದ ಚಿತ್ರ ಕಂಪನಿಗೆ ಹೋದಾಗ ಅವನಿಗೆ ಮೀಸೆ ಇತ್ತು, ಮುನವಳ್ಳಿಯಲ್ಲಿ ಅಪ್ಪನೂ ಇದ್ದ. ಸಿನೆಮಾದಲ್ಲಿ ನಿಲ್ಲಲು ಮರ್ಯಾದಸ್ತ ಹೆಂಗಸರು ಬರುತ್ತಿರಲಿಲ್ಲ. ಬಂದ ಗಂಡಸರು ಸೀರೆ ಉಡಲು ಒಪ್ಪಿದರೂ ಮೀಸೆ ಕೊಡಲು ಒಪ್ಪುತ್ತಿರಲಿಲ್ಲ. ನಮ್ಮಪ್ಪ ಇನ್ನೂ ಇದ್ದಾನೆ ಸ್ವಾಮಿ ಎಂದು ಕೈ ಮುಗಿಯುತ್ತಿದ್ದರು. ಅಜ್ಜ ಕೊಟ್ಟ. ರಾಣಿಯಾದ, ಋಷಿಪತ್ನಿಯಾದ, ಕಾಡಿಗೆ ಅಟ್ಟಿಸಿಕೊಂಡ ಬಸುರಿಯಾದ. ಸಾತಾರೆ, ಪುಣೆ, ಹುಬ್ಬಳ್ಳಿಯ ತಂಬುಗಳಲ್ಲಿ ಹೆಂಗಸರು ಅವನನ್ನು ನೋಡಿ ಅತ್ತರು. ಸುದ್ದಿ ಮುನವಳ್ಳಿಗೆ ಬಂತು. ಪೂಜೆ ಮುಗಿಸಿ ಬಂದ ಮುತ್ತಜ್ಜ, ಊರಿಗೆ ಮುಹೂರ್ತ ಇಟ್ಟುಕೊಡುತ್ತಿದ್ದವನು, ಅದನ್ನು ಕೇಳಿ, ಮಲಪ್ರಭೆಗೆ ಹೋಗಿ ಮುಳುಗು ಹಾಕಿ ಬಂದು, ಒದ್ದೆಯಲ್ಲೇ ಪಡಸಾಲೆಯಲ್ಲಿ ಕೂತು ‘ಮಗಾ ಮೀಸಿ ತಗಿಸ್ಯಾನ. ಅಂದಮ್ಯಾಲೆ ನಾ ಸತ್ತೀನಿ’ ಎಂದನಂತೆ. ಅಂದಂತೆಯೇ ನಡೆದ. ಮುಹೂರ್ತ ಕೇಳಲು ಬಂದವರಿಗೆ ‘ಸತ್ತವಗ ಏನ ಕೇಳ್ತೀರಿ? ಒಳಗ ಹೆಂಗಸೂರಿಗೆ ಕೇಳ್ರಿ’ ಎನ್ನುತ್ತಿದ್ದ. ಊಟಕ್ಕೆ ಕರೆಯಲು ಬಂದ ಹೆಂಡತಿಗೆ ‘ಪಿಂಡ ಅಲ್ಲೇ ಇಡು’ ಎನ್ನುತ್ತಿದ್ದ. ಇಟ್ಟ ಪಿಂಡವನ್ನು ಎರಡು ಸಲ ಸಾರು ಹಾಕಿಸಿಕೊಂಡು ತಿನ್ನುತ್ತಿದ್ದ. ಹಾಗೆ ಸತ್ತವನು ಏಳು ವರ್ಷ ಬಾಳಿದ.

ಈ ಕಥೆಯನ್ನು ಮನೆಯಲ್ಲಿ ನಗುತ್ತ ಹೇಳುತ್ತಿದ್ದರು. ವರದಾಳೂ ಸಣ್ಣವಳಿದ್ದಾಗ ನಕ್ಕಿದ್ದಳು. ಈಗ ಕಾರಿನ ಕಿಟಕಿಯ ಹೊರಗೆ ಕರಿ ಎರೆಯ ಹೊಲಗಳು, ಕಡಲೆ ಕಿತ್ತು ಒಟ್ಟಿದ ಗುಂಪೆಗಳು ಹಿಂದೆ ಸರಿಯುತ್ತಿರುವಾಗ, ಅವಳಿಗೆ ಆ ಮುತ್ತಜ್ಜನ ಪಡಸಾಲೆಗೆ ಹೋಗಿ ಅವನ ತಟ್ಟೆ ಕಸಿದುಕೊಳ್ಳಬೇಕೆನಿಸಿತು. ಸತ್ತಿದ್ದರೆ ಸಾಯಬೇಕಿತ್ತು. ನಿಜವಾಗಿ ಸತ್ತಾಗಲೂ ಅಜ್ಜನಿಗೆ ಮಾಡಿದ್ದೇನು? ತಂತಿ ಬಂದು ಅಜ್ಜ ಓಡಿ ಬಂದ. ಕೊಲ್ಹಾಪುರದಲ್ಲಿ ಚಿತ್ರ ಅರ್ಧವಾಗಿತ್ತು. ಕೂದಲು ಬಿಚ್ಚಿ ಶಪಥ ಮಾಡಿದ ರಾಣಿ ಇನ್ನು ಅದನ್ನು ಕಟ್ಟಬೇಕಿತ್ತು. ಹೊಳೆಯ ದಂಡೆಯಲ್ಲಿ ಹಜಾಮ ಕತ್ತಿ ಮಸೆದು ಅಜ್ಜನ ಮುಖ ಎತ್ತಿ ನೋಡಿ, ‘ಇವರದು ಮೊದಲ ಆಗೇತಲ್ರಿ’ ಎಂದನಂತೆ. ಹೆಣದ ಪಕ್ಕದಲ್ಲಿ ನಿಂತ ಭಾವುಬಂದ ದಾಯಾದಿಗಳು ಬಾಯಿಗೆ ಪಂಚೆ ಅಡ್ಡ ಹಿಡಿದು ನಕ್ಕರಂತೆ. ಮೀಸೆಯ ಬದಲಿಗೆ ಎಂಬಂತೆ ಆ ಸೊಂಟದ ತನಕದ ಕೂದಲನ್ನು ಬುಡಸಮೇತ ಇಳಿಸಿದರು. ಹದಿಮೂರು ದಿನ ಮುಗಿಸಿ ಬೋಳು ತಲೆಯಲ್ಲಿ ಹೋಗಿ ನಿಂತವನನ್ನು ಕಂಪನಿಯ ಮಾಲಕ ನೋಡಿದ, ಬಯ್ಯಲೂ ಇಲ್ಲ. ಬೇರೆ ರಾಣಿ ಬಂದಳು. ಅವಳು ನಿಜವಾದ ಹೆಂಗಸು.

ಆ ಚಿತ್ರಗಳೂ ಉಳಿಯಲಿಲ್ಲ. ಬೆಳ್ಳಿಯ ಬ್ರೋಮೈಡಿನ ಮೇಲೆ ಬೆಳಕು ಬಿದ್ದರೆ ಬೆಳ್ಳಿ ಬೇರೆಯಾಗಿ ಕಪ್ಪಗೆ ನಿಲ್ಲುತ್ತದೆ ಎಂದು ವರ್ಷವರ್ಷವೂ ಕಲಿಸುತ್ತಿದ್ದಳು ವರದಾ. ಕಪ್ಪು ಬಿಳುಪು ಚಿತ್ರ ಎಂದರೆ ಬೆಳ್ಳಿಯ ಪುಡಿ, ಅಷ್ಟೇ. ಕಂಪನಿ ಮುಳುಗಿದಾಗ ಸುರುಳಿಗಳನ್ನು ತೂಕಕ್ಕೆ ಹಾಕಿದರು, ತೊಳೆದು ಬೆಳ್ಳಿ ತೆಗೆದರು. ಅಜ್ಜನ ಗಲ್ಲ, ಅಜ್ಜನ ಅರ್ಧ ಇಳಿದ ರೆಪ್ಪೆ ಯಾರ ಯಾರ ಕಾಲುಂಗುರವಾಗಿ ಸವೆದುಹೋಯಿತೋ. ಇದನ್ನು ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ ಅವಳು. ಹೇಳಲು ಬಾಯಿ ತೆರೆದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಯಾವನೋ ಸುಣ್ಣದ ಕಡ್ಡಿ ಹಿಡಿದು ಕೂತಂತೆ ಅನಿಸುತ್ತಿತ್ತು. ಉಳಿದದ್ದು ಆ ಅಂಗೈ ಅಗಲದ ಫೋಟೋ ಒಂದೇ. ಅದರ ಪ್ರತಿಯನ್ನೂ ಈಗ ತೊಳೆದು, ಬೆಳ್ಳಿ ತೆಗೆದಂತೆ, ಗಂಡಸನ್ನು ಹೊರತೆಗೆದಿದ್ದಾರೆ.

ರಂಗಮಂದಿರದ ಎದುರು ಪೆಂಡಾಲು, ಕುರ್ಚಿ, ಬಾಳೆಕಂಬ. ಕರೆಂಟು ಹೋಗಿದ್ದರಿಂದ ಹಿಂಬದಿಯಲ್ಲಿ ಜನರೇಟರ್ ಗುಡುಗುತ್ತಿತ್ತು. ಸಂಘದ ಅಧ್ಯಕ್ಷ ನಿಜಗುಣಪ್ಪ ಕೈ ಮುಗಿದು ಓಡಿ ಬಂದರು. ಒಳ್ಳೆಯ ಮನುಷ್ಯ, ಮುಖದ ತುಂಬ ಬೆವರು, ಸಂತೋಷ. ‘ಬರ್ರಿ ಮೇಡಂ, ಬರ್ರಿ ಸಾಹೇಬ್ರ. ನಿಮ್ಮಜ್ಜಾರ ಹೆಸರಿನಿಂದ ನಮ್ಮ ಊರ ಹೆಸರು ಉಳೀತ್ರಿ. ಮೊದಲ ಚಾ ಕುಡೀರಿ.’ ಚೌಕಟ್ಟನ್ನು ಬಣ್ಣದ ಕೋಣೆಯಲ್ಲಿ ಒಂದು ಕುರ್ಚಿಯ ಮೇಲೆ ಕೂಡಿಸಿದರು. ಭರತ ಚಹಾಕ್ಕೆ ಹೋದ. ವರದಾ ಕೋಣೆಯಲ್ಲೇ ನಿಂತಳು. ಶಾಲು ಸರಿಸಿ ನೋಡಿದಳು. ಹತ್ತಿರದಿಂದ ಮೀಸೆಯ ಒಂದೊಂದು ಕೂದಲೂ ಹೊಳೆಯುತ್ತಿತ್ತು. ಹಸಿ ಎಣ್ಣೆಯ ವಾಸನೆ. ಪ್ರಿಂಟಿನ ಶಾಯಿ ನೀರಿನದು, ಮೇಲಿನ ಬಣ್ಣ ಎಣ್ಣೆಯದು. ಸೀಮೆಎಣ್ಣೆಯಲ್ಲಿ ಒರೆಸಿದರೆ ಮೇಲಿನದು ಕರಗುತ್ತದೆ, ಕೆಳಗಿನದು ಅಲುಗುವುದಿಲ್ಲ. ಈ ಯೋಚನೆ ಪರೀಕ್ಷೆಯ ಉತ್ತರದಷ್ಟು ತಣ್ಣಗೆ ಬಂತು. ಅವಳು ಹಿಂಬಾಗಿಲಿನಿಂದ ಹೊರಗೆ ಹೋದಳು.

ಜನರೇಟರಿನ ಪಕ್ಕ ಕೂತ ರಾಯಪ್ಪ ಎಂಬವನು ಕ್ಯಾನಿನಿಂದ ಎಣ್ಣೆ ಹಾಕುತ್ತಿದ್ದ.

‘ಚಿಮಣಿ ಎಣ್ಣಿ ಅದ ಏನಪಾ?’

‘ಈಗೆಲ್ಲಿ ಚಿಮಣಿ ಎಣ್ಣಿರಿ ಅಕ್ಕಾರ. ಡೀಸೆಲ್ ಐತಿ ನೋಡ್ರಿ. ಯಾತಕ್ರಿ?’

‘ಕಲೆ ತಗೀಬೇಕಾಗೇದ.’

‘ಸೀರಿಗೆ ಹತ್ತೈತೇನ್ರಿ?’

‘ಅಜ್ಜಗ ಹತ್ತೇದ.’

ಅವನು ಅರ್ಥವಾಗದಿದ್ದರೂ ತಲೆ ಅಲ್ಲಾಡಿಸಿ, ಅವಳ ಕರವಸ್ತ್ರವನ್ನು ತೋಯಿಸಿ ಕೊಟ್ಟ.

ಮೊದಲ ಎಳೆತಕ್ಕೇ ಎಡತುದಿ ಕದಡಿತು. ಕರಿ ಬಣ್ಣ ಗಲ್ಲದ ಮೇಲೆ ಹರಡಿ, ಅಜ್ಜ ಮಸಿ ಬಳಿಸಿಕೊಂಡವನಂತೆ ಕಂಡ. ಅವಳು ಬಟ್ಟೆ ಮಡಚಿ ಒಳಗಿನ ಮಡಿಕೆಯಿಂದ ಒರೆಸಿದಳು, ಮತ್ತೆ ಮಡಚಿದಳು, ತುದಿಯಿಂದ ಮೂಗಿನ ಕಡೆಗೆ, ಒಂದೊಂದೇ ಎಳೆತ. ಎಡಭಾಗ ಹೋಯಿತು. ಅಷ್ಟರಲ್ಲಿ ಬಾಗಿಲಲ್ಲಿ ಭರತ.

‘ಅಕ್ಕಾ!’

ಅವಳು ಬಟ್ಟೆಯನ್ನು ಇನ್ನೊಂದು ಸಲ ಮಡಚಿದಳು.

‘ಹುಚ್ಚ ಹಿಡದದ ಏನು ನಿನಗ? ಹೊರಗ ಊರ ಮಂದಿ ಕೂತದ! ಅರ್ಧ ಮೀಸಿ ಅಜ್ಜನ್ನ ತೋರಸೂಣೇನು?’

‘ಇನ್ನರ್ಧ ನೀ ತಗಿ.’ ಬಟ್ಟೆಯನ್ನು ಅವನ ಕಡೆ ಚಾಚಿದಳು. ‘ನೀ ಗಂಡುಮಗ. ಹಕ್ಕ ನಿಂದು.’

ಭರತನ ಮುಖ ಒಮ್ಮೆಲೇ ಸಣ್ಣದಾಯಿತು. ಹಿತ್ತಲಲ್ಲಿ ಸೀರೆ ಸುತ್ತಿಕೊಂಡೇ ಕೂತು ಅತ್ತ ಹುಡುಗನ ಮುಖ. ಒಂದು ಕ್ಷಣ ಅವಳಿಗೆ ಅವನನ್ನು ಹತ್ತಿರ ಕರೆದು ಕಣ್ಣೊರೆಸಬೇಕೆನಿಸಿತು. ಕೈಯಲ್ಲಿ ಡೀಸೆಲ್ ಇತ್ತು.

‘ಅಜ್ಜ ತನ್ನ ಹಟ ಸಾಧಿಸ್ಕೊಂಡ’ ಎಂದ ಅವನು, ದನಿ ಇಳಿಸಿ. ‘ಅದರ ಲೆಕ್ಕಾ ಅಪ್ಪ ಕೊಟ್ಟ, ನಾ ಕೊಟ್ಟೆ. ನೀ ಏನ ಕೊಟ್ಟಿ? ಯಾರರೆ ಕೇಳಿದ್ರ ನಮ್ಮಜ್ಜ ಅರಳಿ ಅಂಗಡ್ಯಾಗ ಇದ್ದ ಅಂತ ಹೇಳ್ಕೋತ ರಿಟೈರ್ ಆದಿ. ಇವತ್ತ ಬಂದಾಳ, ಮೀಸಿ ಒರಸ್ಲಿಕ್ಕೆ.’ ಅವನು ಹೋದ.

ಮಾತು ಸರಿಯಾದ ಜಾಗಕ್ಕೆ ತಾಗಿತು. ತಾಗಿದ್ದರಿಂದ ಕೈ ಇನ್ನೂ ಗಟ್ಟಿಯಾಯಿತು. ಅವಳು ಬಲಭಾಗವನ್ನೂ ಒರೆಸಿದಳು. ಕರಿ ಹೋಗಿ, ಕಂದು ಹೋಗಿ, ಕೊನೆಗೆ ಪ್ರಿಂಟು ಬಂತು. ಬಂದದ್ದನ್ನು ನೋಡಿ ಅವಳ ಕೈ ನಿಂತಿತು. ಅಲ್ಲಿ ತುಟಿಯ ಮೇಲಿನ ಆ ಸಣ್ಣ ಕಣಿವೆ ಇರಲಿಲ್ಲ. ಮೂಗಿನಿಂದ ತುಟಿಯ ತನಕ ಒಂದೇ ಸಪಾಟು ಚರ್ಮ, ಗಾರೆ ಬಳಿದು ನುಣುಪು ಮಾಡಿದ ಗೋಡೆಯ ಹಾಗೆ. ನತ್ತು ಅಳಿಸಿ ಗಲ್ಲದ ಚರ್ಮ ತಂದು ಮುಚ್ಚಿದ್ದೇನೆ ಎಂದು ಅರ್ಜುನ ಹೇಳಿದ್ದ, ಸಿಟ್ಟಿನಲ್ಲಿ ಮರೆತಿದ್ದಳು. ಮೀಸೆಯ ಕೆಳಗೆ ಅಜ್ಜ ಇರಲಿಲ್ಲ. ಎಷ್ಟು ಒರೆಸಿದರೂ ಬರುವುದು ಯಾರದೂ ಅಲ್ಲದ ಆ ಬಯಲು. ಜಾಡಿಸಿ ಒದೆಯಬೇಕೆನಿಸಿತು, ಕುರ್ಚಿಯನ್ನೋ, ಚೌಕಟ್ಟನ್ನೋ, ಯಾವನನ್ನೋ. ಹೊರಗೆ ಧ್ವನಿವರ್ಧಕದಲ್ಲಿ ಅವಳ ಹೆಸರು ಕೂಗಿದರು. ಶಾಲು ಹೊದಿಸಿ, ಇಬ್ಬರು ಕಾರ್ಯಕರ್ತರು ಚೌಕಟ್ಟನ್ನು ಎತ್ತಿಕೊಂಡು ಹೋದರು.

ನಿಜಗುಣಪ್ಪ ಮಾತಾಡುತ್ತಿದ್ದರು. ‘ಗಂಡುಮೆಟ್ಟಿದ ಈ ನಾಡಿನ ಗಂಡೆದೆಯ ಕಲಾವಿದ... ಮೂಕಿ ಚಿತ್ರಗಳ ಕಾಲದಲ್ಲಿ ಅನೇಕ ವೀರ ಪಾತ್ರಗಳಿಗೆ ಜೀವ ತುಂಬಿದ...’ ಬರೆದುಕೊಟ್ಟವನು ಭರತನೇ ಇರಬೇಕು. ಅವನು ವೇದಿಕೆಯ ಕೊನೆಯ ಕುರ್ಚಿಯಲ್ಲಿ ನೆಲ ನೋಡುತ್ತ ಕೂತಿದ್ದ. ಶಾಲು ಸರಿಸಲು ಕರೆದಾಗ ಏಳಲಿಲ್ಲ. ವರದಾ ಒಬ್ಬಳೇ ಎಳೆದಳು.

ಚಪ್ಪಾಳೆ ಬಿತ್ತು. ಜೋರಾಗಿಯೇ ಬಿತ್ತು. ನಿಜಗುಣಪ್ಪ ಚಿತ್ರವನ್ನು ನೋಡಿ, ‘ಸಣ್ಣವರಿದ್ದಾಗಿಂದು ಏನ್ರಿ? ಮೀಸಿ ಇನ್ನಾ ಬಂದಿಲ್ಲ. ಚಂದ ಅದಾರ, ಚಂದ ಅದಾರ’ ಎಂದು ಮಾಲೆ ಹಾಕಿದರು. ಯಾರಿಗೂ ಏನೂ ಆಗಲಿಲ್ಲ. ಮೀಸೆ ಇದ್ದರೂ ಹಾಕುತ್ತಿದ್ದರು, ಕೊಂಬು ಇದ್ದರೂ ಹಾಕುತ್ತಿದ್ದರು. ಅವಳ ಕೈಯ ಡೀಸೆಲ್ ವಾಸನೆ ಅವಳಿಗೇ ಬಡಿಯುತ್ತಿತ್ತು. ಇನ್ನು ಎರಡು ಮಾತು ಎಂದು ಮೈಕು ಅವಳ ಮುಂದೆ ಬಂತು. ಎಲ್ಲರಿಗೂ ವಂದನೆ ಎಂದು ಹೇಳಿ ಇಳಿಯಬಹುದಿತ್ತು. ಅಷ್ಟಾದರೆ ಆ ಬಯಲು ತುಟಿಯವನೇ ಅಜ್ಜನಾಗಿ ಗೋಡೆಯ ಮೇಲೆ ಉಳಿಯುತ್ತಿದ್ದ.

‘ಅಧ್ಯಕ್ಷರು ವೀರ ಪಾತ್ರ ಅಂದ್ರು’ ಎಂದಳು. ‘ನಮ್ಮಜ್ಜ ಒಂದೂ ವೀರ ಪಾತ್ರ ಮಾಡಿಲ್ಲ. ಹೆಣ್ಣಿನ ಪಾತ್ರ ಮಾಡಿದ. ಬರೇ ಹೆಣ್ಣಿನ ಪಾತ್ರ.’

ನಡುವಿನ ಸಾಲಿನಿಂದ ಒಬ್ಬ, ‘ಅದಕ್ಕಽ ಮೀಸಿ ಇಲ್ಲಲ್ಲೋ!’ ಎಂದ. ನಗು ಹಿಂದಿನ ತನಕ ಹೋಗಿ ತಿರುಗಿ ಬಂತು.

‘ಹೌದು, ಅದಕ್ಕ’ ಎಂದಳು ವರದಾ, ನಗು ಮುಗಿಯಲು ಬಿಟ್ಟು. ‘ಮೀಸಿ ಬಂದಿತ್ತು. ತಗಿಸಿದ. ಅವರಪ್ಪ ಇದೇ ಊರಾಗ, ಇದೇ ಹೊಳಿ ನೀರ ಕುಡದು ಗಟ್ಟಿಮುಟ್ಟ ಇದ್ದಾಗ ತಗಿಸಿದ.’

ಅಲ್ಲಲ್ಲಿ ಉಳಿದಿದ್ದ ನಗುವೂ ಅಲ್ಲಿಗೆ ಸತ್ತಿತು. ಮುಂದಿನ ಸಾಲಿನಲ್ಲಿ ರುಮಾಲಿನ ಮುದುಕನೊಬ್ಬ ಕೋಲಿನ ಮೇಲೆ ಮುಂದಕ್ಕೆ ಬಾಗಿ, ‘ಅಪ್ಪ ಇದ್ದಾಗನ?’ ಎಂದು ಕೇಳಿದ. ಅವನಿಗೆ ಆ ಸುದ್ದಿ ಇವತ್ತಿನದೇ ಆಗಿತ್ತು.

‘ಇದ್ದಾಗನಽ.’

‘ಮೇಡಂ, ಸಾಕ್ರಿ’ ನಿಜಗುಣಪ್ಪ ಪಕ್ಕಕ್ಕೆ ಬಂದು ಪಿಸುಗುಟ್ಟಿದರು. ‘ಹಿರ್ಯಾರು ಕುಂತಾರ. ಛಲೋ ಕಾರ್ಯೆ ಇಟ್ಕೊಂಡು ಸಾವಿನ ಮಾತ ಬ್ಯಾಡ್ರಿ.’ ಅವಳು ಮುಂದುವರಿಸಿದಳು. ಅಪ್ಪ ಪಡಸಾಲೆಯಲ್ಲಿ ಸತ್ತು ಕೂತದ್ದು, ಹಜಾಮನ ಮಾತು, ಹೊಳೆಯ ದಂಡೆಯ ನಗು. ‘ನಕ್ಕವರ ಮೊಮ್ಮಕ್ಕಳು ಇಲ್ಲೇ ಇದ್ದೀರಿ’ ಎಂದಳು. ನಿಜಗುಣಪ್ಪ ಧ್ವನಿವರ್ಧಕದವನ ಕಡೆ ಕೈ ಮಾಡಿದರು. ಕಟ್ ಎಂದು ಮೈಕು ಸತ್ತಿತು. ಕುರ್ಚಿಗಳು ಸರಿದವು. ವರದಾ ಮೈಕನ್ನು ಪಕ್ಕಕ್ಕೆ ತಳ್ಳಿ, ವೇದಿಕೆಯ ಅಂಚಿಗೆ ಬಂದು, ಜನರೇಟರಿನ ಗುಡುಗಿನ ಮೇಲೆ ದನಿ ಎತ್ತಿದಳು.

‘ಹಿಂದಿನವರಿಗೆ ಕೇಳತದ ಏನು?’

‘ಕೇಳತೈತಿ!’ ಪೆಂಡಾಲಿನ ತುದಿಯಿಂದ ಒಬ್ಬ ಹೆಂಗಸು ಕೂಗಿದಳು. ‘ಮುಂದೇನಾತು ಹೇಳ್ರಿ!’

‘ಮುಂದ ಸಾಯೂ ತನಕಾ ದಿನಾ ಮೀಸಿ ಬೋಳಿಸ್ಕೊಂಡ. ನಾಟಕ ಇಲ್ಲ, ಸಿನೆಮಾ ಇಲ್ಲ, ಅರಳಿ ಅಂಗಡ್ಯಾಗ ಕೆಲಸಾ. ನಾ ಸಣ್ಣಾಕಿ ಕೇಳಿದೆ: ಅಜ್ಜಾ, ಮಂದಿ ನಗ್ತಾರ, ನನಗ ನಾಚಿಕಿ ಬರ್ತದ, ಈಗರೆ ಒಂದಿಷ್ಟು ಮೀಸಿ ಬಿಡಬಾರದೇನು? ಅಜ್ಜ ಕತ್ತಿ ತೊಳೆಯೋದು ನಿಲ್ಲಿಸಿ ನನ್ನ ನೋಡಿದ. “ತಗದಾಗ ನಮ್ಮಪ್ಪ ಸತ್ತ ಅಂದ್ರು. ಬಿಟ್ಟರ ಆ ರಾಣಿ ಸಾಯ್ತಾಳ. ಒಬ್ಬ ಮನಶ್ಯಾ ಎಷ್ಟು ಮಂದೀನ್ನ ಕೊಲ್ಲಬೇಕು?” ಅಂದ.’

ಅವಳು ನಿಲ್ಲಿಸಿದಳು. ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವ ತನಕ ಅವಳು ಮುಂದಿನ ಪಾಠಕ್ಕೆ ಹೋದವಳಲ್ಲ. ಮುಂದಿನ ಸಾಲಿನ ಮುದುಕನಿಂದ ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಕೊನೆಗೆ ವೇದಿಕೆಯ ಮೇಲೆಯೇ, ಕೊನೆಯ ಕುರ್ಚಿಯಲ್ಲಿ ತಲೆ ಎತ್ತಿದ್ದ ತಮ್ಮನನ್ನು ನೋಡಿದಳು.

‘ಹೇಳು, ಎಷ್ಟು ಮಂದೀನ್ನ?’ ಎಂದಳು.